ಮಾಳಿಗೆಗೆ ಸಂದ ಹೆಸರು, ಹಾಸಿಗೆಗೆ ಸಲ್ಲಬೇಕಾದದ್ದು

ಮಣ್ಣಿನ ಮಾಳಿಗೆ ಮನೆಯ ಬಗ್ಗೆ ಬರೆಯುವವರು ಒಂದು ಮಾತನ್ನು ಮರೆಯದೆ ಬರೆಯುತ್ತಾರೆ: ಬೇಸಿಗೆಗೆ ತಂಪು, ಚಳಿಗಾಲಕ್ಕೆ ಬೆಚ್ಚಗೆ. ಮೊದಲನೆಯದಕ್ಕೆ ನನ್ನ ತಕರಾರಿಲ್ಲ. ಎರಡನೆಯದನ್ನು ನಂಬುವವರು ಎಳ್ಳಮಾವಾಸ್ಯೆಯ ಆಸುಪಾಸಿನ ಒಂದು ರಾತ್ರಿ ಗದಗದ ಕೋಟುಮಚಗಿಯಂಥ ಎರಿ ಸೀಮೆಯ ಊರಿಗೆ ಬಂದು, ಜನ ಬಿಟ್ಟುಹೋದ ಮಾಳಿಗೆ ಮನೆಯಲ್ಲಿ ಹೊದಿಕೆಯಿಲ್ಲದೆ ಮಲಗಿ ನೋಡಬೇಕು.

ತೊಲೆ, ಜಂತಿ, ಸವಳು ಮಣ್ಣಿನ ವಿವರ ಓದುಗರಿಗೆ ಗೊತ್ತಿದ್ದದ್ದೇ. ದಪ್ಪ ಗೋಡೆ ಹಗಲಿನ ಬಿಸಿಲು ಕುಡಿದು ಇರುಳಿಗೆ ಬಿಟ್ಟುಕೊಡುತ್ತದೆಂಬುದನ್ನೂ ಒಪ್ಪುತ್ತೇನೆ. ಆದರೆ ಅದೇ ಮಾಳಿಗೆಯಲ್ಲಿ ಬೆಳಕಿಂಡಿ ಇದೆ. ಬಿಸಿಗಾಳಿ ಮೇಲೇರುತ್ತದೆ, ಕಿಂಡಿ ತೆರೆದಿದ್ದರೆ ಗೋಡೆ ಕೊಟ್ಟದ್ದೆಲ್ಲ ಅಲ್ಲಿಂದಲೇ ಹೊರಟುಹೋಗುತ್ತದೆ. ಸಂಜೆ ಮೇಲೆ ಹತ್ತಿ ಅದನ್ನು ಮುಚ್ಚುವ ಕೈ ಬೇಕು. ಒಲೆ ಉರಿಯಬೇಕು. ಪಡಸಾಲೆಯ ಕೆಳಗಿನ ಅಂಕಣದಲ್ಲಿ ಎತ್ತು, ಎಮ್ಮೆ ಕಟ್ಟಿರಬೇಕು, ಅವುಗಳ ಮೈಕಾವು ಒಳಗೆ ಹರಡಬೇಕು. ಎತ್ತು ಮಾರಿ ಟ್ರ್ಯಾಕ್ಟರ್ ಬಾಡಿಗೆಗೆ ಕರೆಯುವ ಮನೆಗಳಲ್ಲಿ ಆ ಅಂಕಣ ಈಗ ಖಾಲಿ. ಪತ್ರಿಕೆಗಳಲ್ಲಿ ಬರುವ ಚಿತ್ರಗಳಲ್ಲಿ ಬೆಳಕಿಂಡಿಯಿಂದ ಇಳಿಯುವ ಬಿಸಿಲಕೋಲು ಇರುತ್ತದೆ, ಮುಚ್ಚಿದ ಕಿಂಡಿ ಇರುವುದಿಲ್ಲ.

ಚಳಿಗೆ ಮನೆ ಅಣಿಮಾಡುವ ನಿಜವಾದ ಕೆಲಸ ನಮ್ಮಲ್ಲಿ ಬೇರೆ ಹೆಸರಿನಲ್ಲಿ ನಡೆಯುತ್ತದೆ: ದಸರೆಗೆ ಹಾಸಿಗೆ ಒಗೆಯುವುದು. ಹಬ್ಬದ ಮಡಿ ಎಂದುಕೊಂಡು ಬರಹಗಾರರು ಅದನ್ನು ದಾಟಿಹೋಗುತ್ತಾರೆ. ಅದರ ಸಮಯ ಗಮನಿಸಬೇಕು. ಗದಗ ಸೀಮೆಗೆ ವರ್ಷಕ್ಕೆ ಬೀಳುವುದು ಸುಮಾರು 600 ಮಿ.ಮೀ. ಮಳೆ, ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನದು. ಹಳ್ಳ ತುಂಬಿ ಹರಿಯುವುದೂ, ಮೋಡ ಸರಿದು ಬಿಸಿಲು ಚುರುಕಾಗುವುದೂ ಆಗಲೇ. ಚಳಿ ಬಿದ್ದ ಮೇಲೆ ಒಗೆಯೋಣವೆಂದರೆ ಹಳ್ಳದಲ್ಲಿ ನೀರಿಲ್ಲ, ಬಿಸಿಲಿಗೆ ಕಾವಿಲ್ಲ.

ಹೀಗೆ ಒಗೆಯುವ ಹಾಸಿಗೆಯಲ್ಲಿ ಮುಖ್ಯವಾದದ್ದು ಕೌದಿ. ಕೌದಿ ಎಂದರೆ ಹಳೆ ಸೀರೆ, ಧೋತರ ಪದರ ಪದರವಾಗಿ ಹಾಸಿ ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹೊಲಿದದ್ದು. ಪದರಗಳ ನಡುವೆ ಅಲುಗದೆ ನಿಂತ ಗಾಳಿಯೇ ಬೆಚ್ಚಗಿಡುವುದು. ವರ್ಷವಿಡೀ ಬೆವರು, ಧೂಳು ಸೇರಿ ಪದರಗಳು ಒಂದಕ್ಕೊಂದು ಅಂಟಿ ಚಪ್ಪಟೆಯಾಗಿರುತ್ತವೆ. ಮಳೆಗಾಲದ ತಂಪು ಒಳಗೇ ಕೂತಿರುತ್ತದೆ. ಹೆಂಗಸರು ಕಲ್ಲಿನ ಮೇಲೆ ಬಡಿದು, ಇಬ್ಬಿಬ್ಬರಾಗಿ ತುದಿ ಹಿಡಿದು ಹಿಂಡಿ, ಬಿಸಿಲಿಗೆ ಹರವಿ ಮಗುಚಿದಾಗ ಪದರ ಬಿಡಿಸಿಕೊಂಡು ಕೌದಿ ಮತ್ತೆ ಉಬ್ಬುತ್ತದೆ. ಚಳಿಗಾಲದ ಬಂಡವಾಳ ಆ ಉಬ್ಬು. ಪದ್ಧತಿಯಲ್ಲಿ ದೋಷವೂ ಇದೆ: ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂದಿತ್ತು, 2025ರಲ್ಲಿ ಅಕ್ಟೋಬರ್ 2ಕ್ಕೆ. ಹಬ್ಬ ಮುಂಚೆ ಬಂದ ವರ್ಷ ಮೋಡ ಹರಿಯದಿದ್ದರೆ ಕೌದಿ ಅರೆ ಒಣಗಿ ಮುಗ್ಗಲು ಹಿಡಿಯುತ್ತದೆ.

ಕೌದಿಯನ್ನು ಮೆಚ್ಚುವವರೊಂದಿಗೂ ನನಗೆ ಜಗಳವಿದೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ, ಕವಂದಿ ಎಂಬ ಕೌದಿಯನ್ನು ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಅಮೆರಿಕದ ಪ್ರದರ್ಶನಗಳಿಗೆ ಒಯ್ದದ್ದು ಒಳ್ಳೆಯದೇ ಆಯಿತು. ಆದರೆ ಕೌದಿಯನ್ನು ಗೋಡೆಗೆ ತೂಗುಹಾಕಿ ಬಣ್ಣದ ತುಂಡುಗಳ ಅಂದವನ್ನಷ್ಟೇ ಓದುವ ನಮ್ಮ ವಿಮರ್ಶಕರಿಗೆ ಕಾಣುವುದು ಮೇಲಿನ ಪದರ ಮಾತ್ರ. ಒಳಗಿನ ಪದರಗಳು ಎಷ್ಟು, ಹೊಲಿಗೆಯ ಸಾಲಿಗೂ ಸಾಲಿಗೂ ಎಷ್ಟು ಬೆರಳ ಅಂತರ ಎಂದು ಕೇಳುವವರಿಲ್ಲ. ಸಾಲು ತೀರ ಒತ್ತಾದರೆ ಗಾಳಿಗೆ ಎಡೆಯಿಲ್ಲ; ತೀರ ದೂರವಾದರೆ ಒಗೆದಾಗ ಒಳಗಿನ ಬಟ್ಟೆ ಮುದುಡಿ ಗಂಟಾಗುತ್ತದೆ. ಹೊಲಿಯುವವಳ ಜಾಣ್ಮೆ ಈ ಅಂತರದಲ್ಲಿದೆ. ಬಣ್ಣವನ್ನು ಹೊಗಳಿ ಇದನ್ನು ಬಿಟ್ಟರೆ ಅವಳನ್ನು ಅರ್ಧವೇ ಓದಿದಂತೆ.

ತಗಡಿನ ಶೆಡ್ಡಿನಲ್ಲಿ ಬದುಕುವವರನ್ನು ನೋಡಿದರೆ ನನ್ನ ಮಾತು ತಿಳಿಯುತ್ತದೆ. ಹೊತ್ತು ಮುಳುಗುತ್ತಲೇ ತಗಡು ತಣ್ಣಗಾಗುತ್ತದೆ. ಅಲ್ಲಿ ದಪ್ಪ ಗೋಡೆಯಿಲ್ಲ, ಮಾಳಿಗೆಯಿಲ್ಲ. ಅಲ್ಲಿಯೂ ಮಕ್ಕಳು ಬೆಳಗಿನತನಕ ನಿದ್ದೆ ಮಾಡುವುದು ದಸರೆಗೆ ಒಗೆದ ಎರಡು ಕೌದಿಗಳ ನಡುವೆ. ಆ ಒಗೆತಕ್ಕೆ ನೀರು ಬೇಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರವೆಂದು ಸಾರಿದಾಗ ಬೆಳೆಹಾನಿಯ ಲೆಕ್ಕವಾಯಿತು. ನೀರಿಲ್ಲದೆ ಒಗೆಯದೆ ಉಳಿದ ಹಾಸಿಗೆ ಆ ಲೆಕ್ಕದಲ್ಲಿ ಬರಲಿಲ್ಲ.