ವರ್ಷದ ಅಳತೆಯೂ ‘ಯುಗಾದಿ’ಯ ಅಳಲೂ

ದ. ರಾ. ಬೇಂದ್ರೆಯವರ ‘ಯುಗಾದಿ’ ಕವಿತೆಯನ್ನು ನಾವು ಹಬ್ಬದ ಶುಭಾಶಯದಂತೆ ಹಾಡಿ ಮುಗಿಸುತ್ತೇವೆ. 1963ರ ‘ಕುಲವಧು’ ಚಿತ್ರದಿಂದ ಮನೆಮಾತಾದ ಈ ಗೀತೆ ವಾಸ್ತವವಾಗಿ ಒಂದು ಆಕ್ಷೇಪಣೆ. ಸೃಷ್ಟಿಯೆಲ್ಲ ಪ್ರತಿ ವರ್ಷವೂ ಹೊಸದಾಗುವಾಗ ಮನುಷ್ಯನಿಗೆ ಮಾತ್ರ ಎಳೆತನವೂ ಯೌವನವೂ ಒಂದೊಂದೇ ಸಲ ಏಕೆ ಎಂಬುದು ಕವಿಯ ಪ್ರಶ್ನೆ.

ವರ್ಷ ನಿಜವಾಗಿ ಮರಳಿ ಬರುತ್ತದೆಯೆ? ಪಂಚಾಂಗಕರ್ತನನ್ನು ಕೇಳಬೇಕು. ಹನ್ನೆರಡು ಚಾಂದ್ರಮಾಸಗಳು ಕೂಡಿದರೆ ಸುಮಾರು 354 ದಿನ; ಸೌರವರ್ಷಕ್ಕೆ ಇನ್ನೂ 11 ದಿನ ಸಾಲದು. ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕಮಾಸವನ್ನು ಸೇರಿಸಿ ಅವನು ಹಬ್ಬವನ್ನು ವಸಂತದ ಬಳಿ ನಿಲ್ಲಿಸುತ್ತಾನೆ. ಆದರೂ ಸೂರ್ಯಸಿದ್ಧಾಂತದ ವರ್ಷ ಋತುಚಕ್ರಕ್ಕಿಂತ ಸುಮಾರು 24 ನಿಮಿಷ, ಎಂದರೆ ಒಂದು ಘಳಿಗೆ, ದೀರ್ಘ. ಅರವತ್ತು ಘಳಿಗೆಗೆ ಒಂದು ದಿನ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರಗಳು ತಿರುಗುವಷ್ಟರಲ್ಲಿ ಪಂಚಾಂಗವು ಋತುವಿಗಿಂತ ಒಂದು ದಿನ ಹಿಂದೆ ಬೀಳುತ್ತದೆ.

ಬೇಂದ್ರೆಯವರು ಈ ಲೆಕ್ಕಕ್ಕೆ ಹೋಗುವುದಿಲ್ಲ. ಹೊಂಗೆಯ ಹೂವು, ದುಂಬಿಯ ದನಿ, ಬೇವಿನ ಕಂಪು, ಇವೇ ಅವರ ಅಳತೆ. ಈ ಅಳತೆಯಲ್ಲಿ ಉಳಿಕೆಯಿಲ್ಲ, ತಿದ್ದುಪಡಿಯೂ ಬೇಡ. ಆದ್ದರಿಂದಲೇ ಅವರ ದೂರಿಗೆ ಬಲ ಬಂದಿದೆ. ಕೊನೆಯಲ್ಲಿ ಸನತ್ಕುಮಾರನನ್ನು ಕರೆಯುವುದು ಕೆಲವರಿಗೆ ಹಠಾತ್ತೆನಿಸಬಹುದು. ಆದರೆ ವರ್ಷವೇ ಸೋಂಕದ ಆ ನಿತ್ಯಕುಮಾರನನ್ನಲ್ಲದೆ ಇನ್ನಾರನ್ನು ಕೇಳಬೇಕು?

ಸಂವತ್ಸರದ ಹೆಸರು ಅರವತ್ತು ವರ್ಷಕ್ಕೆ ಮರಳುತ್ತದೆ. ಆ ಹೆಸರಿನ ವರ್ಷದಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ಷಷ್ಟ್ಯಬ್ದಿಯ ಹಸೆಮಣೆಯ ಮೇಲಿರುತ್ತದೆ. ಪಲ್ಲವಿಯ ಸಂಭ್ರಮದಲ್ಲೇ ನಿಲ್ಲುವವರು ಈ ಅಳಲನ್ನು ಕೇಳದೆ ಹೋಗುತ್ತಾರೆ.