ಗೋವೆಯ ಕದಂಬರ ನಾಣ್ಯಗಳು: ಕಾಲನಿರ್ಣಯದ ತೊಡಕು

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಹಲಸಿಯೇ ಪುರಾತನ ಪಲಾಶಿಕೆ. ಗೋವೆಯ ಕದಂಬರ ನೆಲೆಗಳಲ್ಲೊಂದು. ಈ ಅರಸರ ಹೊನ್ನಿನ ನಾಣ್ಯಗಳಲ್ಲಿ ಸಿಂಹಲಾಂಛನದೊಡನೆ ಸಂವತ್ಸರನಾಮವುಂಟು. ಮತ್ತೊಂದು ಮಗ್ಗುಲಲ್ಲಿ ಸಪ್ತಕೋಟೀಶ್ವರನಿಂದ ವರಪ್ರಸಾದವನ್ನು ಪಡೆದ ಅರಸನ ಹೆಸರು ನಾಗರಾಕ್ಷರಗಳಲ್ಲಿದೆ. ಸಂಗ್ರಾಹಕರು ಸಂವತ್ಸರವನ್ನೋದಿದೊಡನೆಯೇ ಕಾಲವು ನಿರ್ಣೀತವಾಯಿತೆಂದು ಬಗೆಯುವುದುಂಟು. ಇದು ಅವಸರದ ಮಾತು. ಸಂವತ್ಸರವು 60 ವರ್ಷಗಳಿಗೊಮ್ಮೆ ಮರಳುವುದು. ಜಯಕೇಶಿಯೆಂಬ ಹೆಸರಿನವರಾದರೋ ಮೂವರು. 12ನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದ ಇಮ್ಮಡಿ ಜಯಕೇಶಿಯ ಕಡೆಗಾಲದ ಸಂವತ್ಸರಗಳೇ ಮುಮ್ಮಡಿಯ ಆಳಿಕೆಯಲ್ಲಿಯೂ ಬಂದಿವೆ. ಹೀಗಿರಲು ದೊರೆತ ನೆಲವನ್ನು ಬರೆದಿಡದೆ ಒಂಟಿ ನಾಣ್ಯವನ್ನು ಪೆಟ್ಟಿಗೆಗೆ ಸೇರಿಸುವವರು ಗಂಟನ್ನು ಇನ್ನಷ್ಟು ಬಿಗಿಯುತ್ತಾರೆ; ಅಕ್ಷರಗಳ ತಿರುವೊಂದೇ ಆಗ ಉಳಿಯುವ ಆಧಾರ. ಪೆರ್ಮಾಡಿ ಶಿವಚಿತ್ತನ ಹೊನ್ನಿಗೆ ಈ ಸಂಶಯವಿಲ್ಲ: ಅವನ ಆಳಿಕೆ 60 ವರ್ಷ ತುಂಬಲಿಲ್ಲ, ಕಲಿಯುಗ 4270ರ ಹಲಸಿಯ ಶಾಸನವೂ ಅವನ ಕಾಲವನ್ನು ಸ್ಥಿರಪಡಿಸುತ್ತದೆ.