ಕ್ಲಚ್ಚಿಗೂ ಅದರದೇ ಜಾಗ ಬೇಕು

ಹಳೇ ಗಾಡಿಗೆ ಬೇರೆ ಎಂಜಿನ್ ಇಲ್ಲವೇ ಹೊಸ ಎಕ್ಸಾಸ್ಟ್ ಕೂರಿಸಿ, ಕೊನೆಗೆ ಉಳಿದ ಸಂದಿಯಲ್ಲಿ ಕ್ಲಚ್ ಲಿಂಕೇಜನ್ನು ಹೇಗೋ ತೂರಿಸುವುದು ನಮ್ಮ ಗ್ಯಾರೇಜುಗಳ ರೂಢಿ. ಹುಬ್ಬಳ್ಳಿ-ಧಾರವಾಡದಲ್ಲಿ ಇದು ಎದ್ದು ಕಾಣುವುದು ಹಳೇ ಮಹೀಂದ್ರ ಜೀಪುಗಳಲ್ಲಿ. ಸಿಜೆ-3ಬಿ ಜೀಪು ಬಂದದ್ದು 2.2 ಲೀಟರ್‌ನ ಹರಿಕೇನ್ ಪೆಟ್ರೋಲ್ ಎಂಜಿನ್ ಹೊತ್ತು. ಪೆಟ್ರೋಲ್ ಖರ್ಚು ತಾಳಲಾರದೆ ಎಷ್ಟೋ ಮಾಲೀಕರು ಅದನ್ನು ಇಳಿಸಿ ಡೀಸೆಲ್ ಎಂಜಿನ್ ಹಾಕಿಸಿದರು. ಎಂಜಿನ್ ಬದಲಾದಾಗ ಬೆಲ್ ಹೌಸಿಂಗ್, ಮೌಂಟು, ಸೈಲೆನ್ಸರ್ ಪೈಪಿನ ದಾರಿ ಎಲ್ಲವೂ ಬದಲಾಗುತ್ತವೆ. ಪೆಡಲ್ ಮಾತ್ರ ಇದ್ದಲ್ಲೇ ಇರುತ್ತದೆ. ಪೆಡಲ್ಲಿಗೂ ಹೊಸ ಎಂಜಿನ್ನಿಗೂ ನಡುವಿನ ಸಂಬಂಧವನ್ನು ಲೆಕ್ಕ ಹಾಕಿ ಕೂಡಿಸಬೇಕು. ಆದರೆ ಹೆಚ್ಚಿನ ಕಡೆ ರಾಡು ಕತ್ತರಿಸಿ, ಬಗ್ಗಿಸಿ, ವೆಲ್ಡಿಂಗ್ ಹೊಡೆದು ಕೆಲಸ ಮುಗಿಸುತ್ತಾರೆ. ಈ ರೂಢಿ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದೇ ತೊಡಕನ್ನು ಅಮೆರಿಕದ ಮಸಲ್ ಕಾರುಗಳ ಪ್ರಿಯರು ದಶಕಗಳಿಂದ ಎದುರಿಸಿದ್ದಾರೆ. 1960ರ ದಶಕದ ಶೆವರ್ಲೆ ಶೆವೆಲ್ ತೆಗೆದುಕೊಳ್ಳಿ. ಅದರ ವಿ8 ಎಂಜಿನ್ನಿನ ಎಡಗಡೆಯೇ ಸ್ಟೀರಿಂಗ್ ಬಾಕ್ಸ್, ಅಲ್ಲೇ ಕ್ಲಚ್ಚಿನ ಅಡ್ಡ ಶಾಫ್ಟ್. ಅಲ್ಲಿನವರು ಅದನ್ನು ಜೆಡ್ ಬಾರ್ ಎನ್ನುತ್ತಾರೆ. ಕಂಪನಿಯ ಎರಕದ ಮ್ಯಾನಿಫೋಲ್ಡ್ ತೆಗೆದು ಹೆಡರ್ ಹಾಕಿದರೆ, ಪ್ರತಿ ಸಿಲಿಂಡರಿನಿಂದ ಒಂದೊಂದು ಕೊಳವೆ ಹೊರಟು ಅದೇ ಜಾಗಕ್ಕೆ ಇಳಿಯುತ್ತದೆ. ಆಗ ಕೊಳವೆಗೆ ಜಾಗ ಬಿಡಿಸಲು ಜೆಡ್ ಬಾರನ್ನು ಸುತ್ತಿಗೆಯಿಂದ ತಿದ್ದುವ ಆಸೆ ಯಾರಿಗಾದರೂ ಬರುತ್ತದೆ. ಬಲ್ಲವರು ಅದಕ್ಕೆ ಕೈ ಹಾಕುವುದಿಲ್ಲ. ಜೆಡ್ ಬಾರ್ ಕೂರುವಂತೆಯೇ ರೂಪಿಸಿದ ಹೆಡರನ್ನು ಮೊದಲೇ ಹುಡುಕಿ ತರುತ್ತಾರೆ.

ಕಾರಣ ತಿಳಿಯಲು ಆ ಶಾಫ್ಟನ್ನು ಹತ್ತಿರದಿಂದ ನೋಡಬೇಕು. ಅದರ ಒಂದು ತುದಿ ಚಾಸಿಯ ಬ್ರಾಕೆಟ್ಟಿನ ಮೇಲೆ, ಇನ್ನೊಂದು ತುದಿ ಎಂಜಿನ್ ಕಡೆಗೆ. ಎರಡೂ ಕಡೆ ಗುಂಡು ತಲೆಯ ಬಾಲ್ ಸ್ಟಡ್. ಗೇರ್ ಹಾಕಿ ಕ್ಲಚ್ ಬಿಟ್ಟಾಗ ಎಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ಒಂದು ಕಡೆಗೆ ವಾಲುತ್ತದೆ, ಚಾಸಿ ಅಲುಗದು. ಈ ವಾಲಾಟವನ್ನು ನುಂಗಿಕೊಳ್ಳುವುದೇ ಬಾಲ್ ಸ್ಟಡ್ಡಿನ ಕೆಲಸ. ಬಾಲ್ ಸಿಗಲಿಲ್ಲವೆಂದು ಅಲ್ಲಿ ನೇರ ಬೋಲ್ಟ್ ಜಡಿದರೆ ಶಾಫ್ಟ್ ಬಿಗಿಯುತ್ತದೆ. ಎಂಜಿನ್ ವಾಲಿದಾಗಲೆಲ್ಲ ಕ್ಲಚ್ ತಾನಾಗಿ ಎಳೆದು ಬಿಟ್ಟಂತಾಗಿ ಗಾಡಿ ಜಗ್ಗುತ್ತದೆ. ಮಾಲೀಕ ಕ್ಲಚ್ ಪ್ಲೇಟ್ ಹೋಯಿತೆಂದು ತಿಳಿದು ಹೊಸದು ಹಾಕಿಸುತ್ತಾನೆ. ರೋಗ ಹಾಗೇ ಉಳಿಯುತ್ತದೆ.

ಎರಡನೆಯದು ಲೆಕ್ಕ. ಪೆಡಲ್, ಅಡ್ಡ ಶಾಫ್ಟಿನ ತೋಳುಗಳು, ಫೋರ್ಕ್ ಮೂರೂ ಸೇರಿ ಒಟ್ಟು ಅನುಪಾತ 15ಕ್ಕೆ 1 ಇದೆ ಎನ್ನಿ. ಪೆಡಲ್ 150 ಮಿ.ಮೀ. ಒಳಗೆ ಹೋದರೆ ರಿಲೀಸ್ ಬೇರಿಂಗ್ ಸರಿಯುವುದು 10 ಮಿ.ಮೀ. ಮಾತ್ರ. ಅದರಲ್ಲೂ ಪೆಡಲ್ಲಿನ ಸುಮಾರು 25 ಮಿ.ಮೀ. ಪ್ಲೇಗೆ ಬಿಡಲೇಬೇಕು. ಹೀಗಿರುವಾಗ ಫೋರ್ಕಿಗೆ ಹೋಗುವ ರಾಡಿನ ಪಿನ್ ರಂಧ್ರ ಮೊಟ್ಟೆಯಾಕಾರಕ್ಕೆ ಸವೆದು 1 ಮಿ.ಮೀ. ಸಡಿಲವಾದರೂ, ಅಲ್ಲಿಯವರೆಗಿನ ಅನುಪಾತ 6 ಇದ್ದರೆ ಪೆಡಲ್ಲಿನಲ್ಲಿ 6 ಮಿ.ಮೀ. ವ್ಯರ್ಥ. ಇಂಥ ನಾಲ್ಕು ಸಂದುಗಳು ಕೂಡಿದರೆ ಗೇರ್ ಕಿರುಗುಟ್ಟದೇ ಬೀಳುವುದಿಲ್ಲ. ಪೆಡಲ್ ಹಗುರಾಗಲೆಂದು ಅಡ್ಡ ಶಾಫ್ಟಿನ ಪೆಡಲ್ ಕಡೆಯ ತೋಳನ್ನು ಉದ್ದ ಮಾಡುವವರಿದ್ದಾರೆ. ಹಗುರವೇನೋ ಆಗುತ್ತದೆ, ಆದರೆ ಅಷ್ಟೇ ಪ್ರಮಾಣದಲ್ಲಿ ಬೇರಿಂಗಿನ ಚಲನೆ ಕಡಿಮೆಯಾಗಿ ಕ್ಲಚ್ ಪೂರ್ತಿ ಬಿಡುವುದೇ ಇಲ್ಲ.

ಮೂರನೆಯದು ಕಾವು. ಹೆಡರಿನ ತೆಳು ಕೊಳವೆ ಎರಕದ ಮ್ಯಾನಿಫೋಲ್ಡಿಗಿಂತ ಹೆಚ್ಚು ಕಾವನ್ನು ಸುತ್ತಲೂ ಕಾರುತ್ತದೆ. ಪಕ್ಕದ ಲಿಂಕೇಜಿನ ನೈಲಾನ್ ಬುಶ್ ಕರಗುತ್ತದೆ, ಗ್ರೀಸ್ ಒಣಗಿ ಕರಕಲಾಗುತ್ತದೆ. ನಿಂತ ಗಾಡಿಯಲ್ಲಿ ಜಾಗ ಇದೆಯೆಂದು ಕಂಡರೆ ಸಾಲದು. ಎಂಜಿನ್ ವಾಲಿಸಿ, ಪೆಡಲ್ ಪೂರ್ತಿ ಒತ್ತಿ, ಆಗಲೂ ಒಂದು ಬೆರಳು ಸಂದಿ ಉಳಿಯುತ್ತದೆಯೇ ನೋಡಬೇಕು.

ಇಷ್ಟು ಹೇಳಿ ನಮ್ಮ ಮಿಸ್ತ್ರಿಗಳ ಕೈಚಳಕವನ್ನು ಕಡೆಗಣಿಸಿದರೆ ಅನ್ಯಾಯವಾದೀತು. ರೈಲ್ವೆ ವರ್ಕ್‌ಶಾಪ್ ಬೆಳೆಸಿದ ಊರು ಇದು. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಲೇತ್ ಕೆಲಸ ಬಲ್ಲವರಿಗೆ ಕೊರತೆಯಿಲ್ಲ. ನೈಲಾನಿನ ಬದಲು ಗನ್‌ಮೆಟಲ್ ಬುಶ್ ಕಡೆದು, ಗ್ರೀಸ್ ನಿಪ್ಪಲ್ ಕೂರಿಸಿ ಕೊಡುವುದು ಇಲ್ಲಿ ಸಲೀಸು, ಮತ್ತು ಕಾವಿನ ಹತ್ತಿರ ಅದು ಮೂಲ ಬುಶ್‌ಗಿಂತ ಮೇಲು. ಕೊರತೆ ಇರುವುದು ಕೈಯಲ್ಲಲ್ಲ, ಕ್ರಮದಲ್ಲಿ. ಹಳೇ ಲಿಂಕೇಜ್ ಬಿಚ್ಚುವ ಮುಂಚೆ ತೋಳುಗಳ ಉದ್ದ, ಕೋನ, ಬಾಲ್‌ಗಳ ನಡುವಿನ ಅಂತರ ಅಳೆದು ಬರೆದಿಡುವ ಅಭ್ಯಾಸ ನಮ್ಮಲ್ಲಿಲ್ಲ. 'ನಡೀತೈತ್ರಿ, ಚಿಂತಿ ಮಾಡಬ್ಯಾಡ್ರಿ' ಎಂಬ ಭರವಸೆ ಅಳತೆಯ ಜಾಗ ತುಂಬುತ್ತದೆ. ಉಣಕಲ್ಲಿನಿಂದ ನವನಗರದವರೆಗೆ ಟ್ರಾಫಿಕ್ಕಿನಲ್ಲಿ ಹೆಜ್ಜೆಹೆಜ್ಜೆಗೂ ಕ್ಲಚ್ ಒತ್ತುವ ಚಾಲಕನ ಮೊಣಕಾಲು ಆ ಭರವಸೆಯ ಬೆಲೆ ತೆರುತ್ತದೆ.

ರಾಡು ಬಿಟ್ಟು ಹೈಡ್ರಾಲಿಕ್ ಹಾಕಿದರೆ? ದಿನಬಳಕೆಯ ಜೀಪಿಗೆ ಅದು ಒಳ್ಳೆಯ ದಾರಿ. ಪೈಪನ್ನು ಕಾವಿನಿಂದ ದೂರ ಒಯ್ಯಬಹುದು, ಎಂಜಿನ್ ಅಲುಗಾಟದ ಚಿಂತೆಯೂ ಇಲ್ಲ. ಆದರೆ ಮಾಸ್ಟರ್ ಸಿಲಿಂಡರ್ ಕೂರುವ ತಗಡಿಗೆ ಬಲ ಕೊಡದಿದ್ದರೆ ತಗಡೇ ಬಾಗಿ ಪೆಡಲ್ ಚಲನೆ ಪೋಲಾಗುತ್ತದೆ.

ಕಾನೂನಿನ ಮಾತೂ ಇದೆ. ಎಂಜಿನ್ ಬದಲಿಸಲು ಆರ್‌ಟಿಒ ಒಪ್ಪಿಗೆ ಬೇಕು. 2021ರ ಜುಲೈನಲ್ಲಿ ಕೇಂದ್ರ ತಂದ ವಿಂಟೇಜ್ ನೋಂದಣಿ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪ ಉಳಿದಿರಬೇಕು. ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಡೀಸೆಲ್ ಹಾಕಿದ ಸಿಜೆ-3ಬಿ ಆ ಗೌರವ ಕಳೆದುಕೊಂಡಂತೆಯೇ. ಹಾಗಾಗಿ ಮೂಲ ಎಂಜಿನ್ ಇನ್ನೂ ಉಳಿದಿರುವ ಜೀಪಿಗೆ ಹೆಡರ್ ಬೇಡ, ಮೂಲ ಲಿಂಕೇಜನ್ನೇ ಹೊಸ ಬುಶ್, ಪಿನ್ ಹಾಕಿ ಉಳಿಸಿಕೊಳ್ಳಿ. ಹೆಡರಿನ ಲಾಭ ಸಿಗುವುದು ಎಂಜಿನ್ ಜೋರಾಗಿ ತಿರುಗುವಾಗ. ಊರೊಳಗಿನ ಓಟಕ್ಕೆ ಅದರಿಂದ ಹೇಳಿಕೊಳ್ಳುವ ಪ್ರಯೋಜನವಿಲ್ಲ. ಈಗಾಗಲೇ ಬದಲಾದ ಗಾಡಿಯಾದರೆ ಮೊದಲು ಲಿಂಕೇಜ್ ಕೂರಿಸಿ, ಅದರ ಚಲನೆ ಪರೀಕ್ಷಿಸಿ, ಆಮೇಲೆ ಸೈಲೆನ್ಸರ್ ಪೈಪ್ ಬಗ್ಗಿಸಿ. ಪೈಪು ಎತ್ತ ತಿರುಗಿದರೂ ಹೊಗೆ ಹೊರಗೆ ಹೋಗುತ್ತದೆ. ಲಿಂಕೇಜಿಗೆ ಸರಿಯಾದ ಜಾಗ ಒಂದೇ. ಗ್ಯಾರೇಜಿನಲ್ಲಿ ಈ ಒಂದು ಕ್ರಮ ತಿರುಗಿಸಿದರೆ ಮೇಲೆ ಹೇಳಿದ ದೋಷಗಳಲ್ಲಿ ಹೆಚ್ಚಿನವು ಹುಟ್ಟುವುದೇ ಇಲ್ಲ.